ನ್ಯಾಯಾಲಯದಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ಕೆಲಸ: ಕಾಮರ್ಸ್ ಓದುವವರಿಗೂ ದಾರಿ ಇದೆ

ಹೋದ ರಂಜಾನ್ ತಿಂಗಳಲ್ಲಿ ಒಂದು ದಿನ ನಾನು ನಮ್ಮ ನಾನಾ ಜೊತೆ ಕೋರ್ಟಿಗೆ ಹೋಗಿದ್ದೆ. ಕೆಲವು ವರ್ಷಗಳ ಹಿಂದೆ ರಸ್ತೆ ಅಪಘಾತದಲ್ಲಿ ನಾನಾ ಅವರ ಕಾಲು ಮುರಿದಿತ್ತು. ಪರಿಹಾರದ ಕೇಸು ಮುಗಿದು ಆದೇಶ ಆಗಿತ್ತು. ಆ ಆದೇಶದ ಸರ್ಟಿಫೈಡ್ ಕಾಪಿ ತೆಗೆದುಕೊಳ್ಳುವುದಷ್ಟೇ ನಮ್ಮ ಕೆಲಸ. ನಾನಾ ಅವರಿಗೆ ಉರ್ದು ಮಾತ್ರ ಓದಲು ಬರುತ್ತದೆ. ಹಾಗಾಗಿ ಕೋರ್ಟಿನ ಕನ್ನಡ ಕಾಗದಗಳನ್ನೆಲ್ಲ ಓದಿ ಮನೆಭಾಷೆಯಲ್ಲಿ ಹೇಳುವ ಕೆಲಸ ನನ್ನದು.

ನಕಲು ವಿಭಾಗದ ಕಿಟಕಿಯಲ್ಲಿ ಒಂದೇ ಉತ್ತರ: "ಸರ್ವರ್ ಡೌನ್. ಕಾಯಿರಿ." ಹತ್ತೂವರೆಗೆ ಹೋದವರು ಮಧ್ಯಾಹ್ನ ಎರಡು ಗಂಟೆಯಾದರೂ ಕಾಯುತ್ತಲೇ ಇದ್ದೆವು. ರೋಜಾ ಇದ್ದ ನಾನಾ ನೋಯುವ ಕಾಲನ್ನು ಚಾಚಿಕೊಂಡು ಬೆಂಚಿನ ಮೇಲೆ ಕುಳಿತಿದ್ದರು. ನಮ್ಮ ಹಿಂದೆ ಇಪ್ಪತ್ತು ಜನರಾದರೂ ಇದ್ದರು. ಆಮೇಲೆ ಬ್ಯಾಗು ಹಾಕಿಕೊಂಡ ಒಬ್ಬರು ಬಂದು, ಮೂಲೆಯ ಪೆಟ್ಟಿಗೆ ತೆಗೆದು, ವೈರುಗಳನ್ನು ಒಂದೊಂದಾಗಿ ಟೆಸ್ಟರ್‌ಗೆ ಹಾಕಿ ನೋಡಿದರು. ಒಂದು ವೈರನ್ನು ಇಲಿ ಕಡಿದಿತ್ತು. ಅದನ್ನು ಬದಲಾಯಿಸಿದರು. ಹತ್ತು ನಿಮಿಷದಲ್ಲಿ ಒಳಗೆ ಪ್ರಿಂಟರ್ ಸದ್ದು ಕೇಳಿಸಿತು.

ಸರ್ವರ್ ಕೆಟ್ಟೇ ಇರಲಿಲ್ಲ. ಸರ್ವರಿಗೆ ಹೋಗುವ ದಾರಿ ಮಾತ್ರ ಕೆಟ್ಟಿತ್ತು.

ನಾನು ಅವರನ್ನು ಕೇಳಿದೆ: "ಸರ್, ನೀವು ಕೋರ್ಟಿನವರಾ, ಹೊರಗಿನ ಕಂಪನಿಯವರಾ?"

"ಕೋರ್ಟಿನ ಕೆಲಸವೇ ಮಾಡೋದು. ಇಲ್ಲಿನ ಸಿಸ್ಟಂ, ನೆಟ್‌ವರ್ಕ್ ಎಲ್ಲಾ ನಾನು ನೋಡ್ಕೋತೀನಿ. ನೀನು ಏನು ಓದ್ತಾ ಇದ್ದೀಯಾ?"

"ಕಾಮರ್ಸ್ ಸರ್, ಸಿಇಬಿಎ."

"ಹಾಗಾದರೆ ಕಂಪ್ಯೂಟರ್ ಸೈನ್ಸ್ ಇದೆಯಲ್ಲ. ನಿನಗೂ ಈ ಕೆಲಸ ಆಗುತ್ತೆ."

ಕೋರ್ಟ್ ಎಂದರೆ ಜಡ್ಜ್, ವಕೀಲ, ಗುಮಾಸ್ತ, ಪೊಲೀಸ್ ಇಷ್ಟೇ ಎಂದು ನಾನು ತಿಳಿದಿದ್ದೆ. ಇಂಥ ಒಂದು ಕೆಲಸ ಇರುವುದು ನನಗೆ ಗೊತ್ತೇ ಇರಲಿಲ್ಲ. ಅಲ್ಲಿಂದ ಬಂದ ಮೇಲೆ ಓದಿ, ನಮ್ಮ ಉಪನ್ಯಾಸಕರನ್ನು ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಕೋರ್ಟಿಗೆ ನೆಟ್‌ವರ್ಕ್ ಬಂದದ್ದು ಹೇಗೆ?

ನಮ್ಮ ದೇಶದ ನ್ಯಾಯಾಲಯಗಳನ್ನು ಗಣಕೀಕರಣ ಮಾಡುವ ರಾಷ್ಟ್ರೀಯ ನೀತಿ 2005ರಲ್ಲಿ ತಯಾರಾಯಿತು. ಸುಪ್ರೀಂ ಕೋರ್ಟಿನ ಇ-ಸಮಿತಿ ಅದನ್ನು ರೂಪಿಸಿತು. ಅದರಿಂದ ಹುಟ್ಟಿದ ಯೋಜನೆಯೇ ಇ-ಕೋರ್ಟ್ಸ್. ಎರಡನೇ ಹಂತ 2015ರಲ್ಲಿ 1,670 ಕೋಟಿ ರೂಪಾಯಿ ವೆಚ್ಚದ ಅಂದಾಜಿನಲ್ಲಿ ಶುರುವಾಯಿತು. ಮೂರನೇ ಹಂತಕ್ಕೆ 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ನಾಲ್ಕು ವರ್ಷಕ್ಕೆಂದು 7,210 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಅಂದರೆ ಹಿಂದಿನದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು.

ಕೋರ್ಟುಗಳಲ್ಲಿ ಬಳಸುವ ತಂತ್ರಾಂಶದ ಹೆಸರು ಸಿಐಎಸ್, ಅಂದರೆ ಕೇಸ್ ಮಾಹಿತಿ ವ್ಯವಸ್ಥೆ. ಪುಣೆಯ ಎನ್‌ಐಸಿ ಇದನ್ನು ತಯಾರಿಸಿದೆ. ಇದು ಉಚಿತ ಮುಕ್ತ ತಂತ್ರಾಂಶಗಳ ಮೇಲೆ ನಿಂತಿದೆ. ಕೋರ್ಟಿನ ಕಂಪ್ಯೂಟರುಗಳಲ್ಲಿ ವಿಂಡೋಸ್ ಬದಲು ಉಬುಂಟು ಲಿನಕ್ಸ್ ಕಾಣುವುದು ಇದೇ ಕಾರಣಕ್ಕೆ.

ಪ್ರತಿಯೊಂದು ಕೇಸಿಗೂ 16 ಅಕ್ಷರ-ಅಂಕಿಗಳ ಒಂದು ಸಿಎನ್‌ಆರ್ ಸಂಖ್ಯೆ ಇರುತ್ತದೆ. ಮೊದಲ ನಾಲ್ಕು ಅಕ್ಷರ ರಾಜ್ಯ ಮತ್ತು ಜಿಲ್ಲೆಯನ್ನು ಹೇಳಿದರೆ, ಕೊನೆಯ ನಾಲ್ಕು ಅಂಕಿ ವರ್ಷವನ್ನು ಹೇಳುತ್ತವೆ. ನಮ್ಮ ಅಕೌಂಟೆನ್ಸಿಯಲ್ಲಿ ಲೆಡ್ಜರ್ ಫೋಲಿಯೊ ಇದ್ದ ಹಾಗೆ, ಆ ಸಂಖ್ಯೆ ಇದ್ದರೆ ಕೇಸು ಎಲ್ಲಿದೆ, ಮುಂದಿನ ತಾರೀಖು ಯಾವುದು ಎಂದು ಮೊಬೈಲಿನಲ್ಲೇ ಸಿಗುತ್ತದೆ. ಮೊದಲು ತಾರೀಖು ತಿಳಿಯಲು ನಾನಾ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕಿತ್ತು. ಆಮೇಲೆ ನಾನು ಮನೆಯಲ್ಲೇ ನೋಡಿ ಹೇಳುತ್ತಿದ್ದೆ.

ಈ ಮಾಹಿತಿ ಊರಿಂದ ಊರಿಗೆ ಹರಿಯಲು ದೇಶದ ಸುಮಾರು 3,000 ನ್ಯಾಯಾಲಯ ಸಂಕೀರ್ಣಗಳನ್ನು 10ರಿಂದ 100 ಎಂಬಿಪಿಎಸ್ ವೇಗದ ಜಾಲದಲ್ಲಿ ಜೋಡಿಸಿದ್ದಾರೆ. ಇದನ್ನೇ ವ್ಯಾನ್ ಎನ್ನುತ್ತಾರೆ. ಒಂದೇ ಕಟ್ಟಡದೊಳಗಿನ ಜಾಲಕ್ಕೆ ಲ್ಯಾನ್ ಎಂದು ಹೆಸರು. ಎರಡೂ ನಮ್ಮ ಕಂಪ್ಯೂಟರ್ ಸೈನ್ಸ್ ಪಠ್ಯದಲ್ಲಿವೆ. ನಾವು ಅವನ್ನು ಎರಡು ಅಂಕದ ಪ್ರಶ್ನೆ ಎಂದು ಬಾಯಿಪಾಠ ಮಾಡುತ್ತೇವೆ.

ಅವರ ಒಂದು ದಿನ ಹೇಗಿರುತ್ತದೆ?

ಕೋರ್ಟ್ ಕಲಾಪ ಶುರುವಾಗುವ ಮೊದಲೇ ಅವರ ಕೆಲಸ ಶುರು. ಸರ್ವರ್ ಕೋಣೆಯಲ್ಲಿ ಎಸಿ ನಡೆಯುತ್ತಿದೆಯಾ, ಯುಪಿಎಸ್ ಬ್ಯಾಟರಿ ಸರಿ ಇದೆಯಾ, ರಾತ್ರಿಯ ಬ್ಯಾಕಪ್ ಪೂರ್ತಿ ಆಗಿದೆಯಾ ಎಂದು ನೋಡಬೇಕು. ಆ ದಿನದ ಕೇಸುಗಳ ಪಟ್ಟಿ ಎಲ್ಲ ಹಾಲ್‌ಗಳಲ್ಲೂ ತೆರೆಯುತ್ತಿದೆಯೇ ಎಂದು ಖಚಿತ ಮಾಡಿಕೊಳ್ಳಬೇಕು.

ಪ್ರತಿ ಕಂಪ್ಯೂಟರಿಗೂ ಒಂದು ಐಪಿ ವಿಳಾಸ ಇರುತ್ತದೆ. ಎರಡು ಕಂಪ್ಯೂಟರಿಗೆ ಒಂದೇ ವಿಳಾಸ ಹೋದರೆ ತೊಂದರೆ ಶುರು. ಯಾವ ವೈರು ಯಾವ ಸ್ವಿಚ್ಚಿನ ಎಷ್ಟನೇ ಪೋರ್ಟಿಗೆ ಹೋಗಿದೆ ಎಂದು ಚೀಟಿ ಅಂಟಿಸಿ ನಕ್ಷೆ ಇಟ್ಟುಕೊಂಡಿರಬೇಕು. ಅವತ್ತು ನಾವು ಕಂಡ ಆ ಸರ್ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಲು ಅಂಥ ಚೀಟಿಗಳೇ ಕಾರಣ. ಅವರು ತಡವಾಗಿ ಬಂದದ್ದು ಯಾಕೆಂದರೆ ಬೆಳಗ್ಗೆಯಿಂದ ಇನ್ನೊಂದು ಊರಿನ ಕೋರ್ಟಿನಲ್ಲಿದ್ದರು. ಒಬ್ಬರೇ ಹಲವು ಕಟ್ಟಡ ನೋಡಿಕೊಳ್ಳಬೇಕಾಗುತ್ತದೆ ಎಂದು ಅವರು ಹೇಳಿದರು.

ಇದಲ್ಲದೆ ಹೊಸ ಸಿಬ್ಬಂದಿಗೆ ಲಾಗಿನ್ ಕೊಡುವುದು, ವರ್ಗವಾಗಿ ಹೋದವರ ಲಾಗಿನ್ ಅದೇ ದಿನ ಮುಚ್ಚುವುದು, ಫೈರ್‌ವಾಲ್ ನೋಡಿಕೊಳ್ಳುವುದು, ಯಾರೋ ತಂದ ಪೆನ್‌ಡ್ರೈವ್‌ನಿಂದ ವೈರಸ್ ಬರದಂತೆ ತಡೆಯುವುದು ಕೂಡ ಇದೇ ಕೆಲಸ. ಬರವಣಿಗೆಯ ಕೆಲಸವೂ ಸಾಕಷ್ಟಿದೆ. ಯಾವ ಪ್ರಿಂಟರಿಗೆ ವಾರಂಟಿ ಎಂದು ಮುಗಿಯುತ್ತದೆ, ವಾರ್ಷಿಕ ನಿರ್ವಹಣೆಯ ಗುತ್ತಿಗೆ ಯಾರದ್ದು, ಸ್ಟಾಕ್ ರಿಜಿಸ್ಟರಿನಲ್ಲಿ ಎಷ್ಟು ಮಾನಿಟರ್ ಇದೆ ಎಂಬ ಲೆಕ್ಕ ಬೇಕು. ಇದರಲ್ಲಿ ನಾವು ಕಾಮರ್ಸಿನವರು ಯಾರಿಗೂ ಕಮ್ಮಿ ಇಲ್ಲ!

ನೆಟ್‌ವರ್ಕ್ ನಿಂತರೆ ಏನಾಗುತ್ತದೆ?

ನಮಗೆ ಆದದ್ದು ನಾಲ್ಕು ಗಂಟೆಯ ಕಾಯುವಿಕೆ ಮಾತ್ರ. ಇದಕ್ಕಿಂತ ದೊಡ್ಡದೂ ಆಗಿದೆ.

ದೇಶದಲ್ಲಿ 3,240 ನ್ಯಾಯಾಲಯ ಸಂಕೀರ್ಣಗಳು ಮತ್ತು 1,272 ಜೈಲುಗಳ ನಡುವೆ ವಿಡಿಯೊ ಸಂಪರ್ಕದ ವ್ಯವಸ್ಥೆ ಇದೆ ಎಂದು ಕೇಂದ್ರ ಸರ್ಕಾರ ತಿಳಿಸಿದೆ. ವಿಚಾರಣಾಧೀನ ಕೈದಿಯನ್ನು ಜೈಲಿನಿಂದಲೇ ಪರದೆಯ ಮೇಲೆ ಹಾಜರುಪಡಿಸುತ್ತಾರೆ. ಆ ಹೊತ್ತಿಗೆ ಸಂಪರ್ಕ ಕಡಿದರೆ ಅವನ ಮಾತು ಜಡ್ಜ್‌ಗೆ ಕೇಳಿಸುವುದಿಲ್ಲ. ವಿಚಾರಣೆ ಮುಂದಕ್ಕೆ ಹೋದರೆ ಒಳಗಿರುವವನಿಗೆ ಅಷ್ಟು ದಿನ ಹೆಚ್ಚು.

2023ರ ಡಿಸೆಂಬರ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ವಿಡಿಯೊ ಕಲಾಪದೊಳಗೆ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ತೋರಿಸಿದರು. ಹೈಕೋರ್ಟ್ ವಿಡಿಯೊ ಕಲಾಪ ಮತ್ತು ನೇರಪ್ರಸಾರ ಎರಡನ್ನೂ ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು. ದೂರದ ಊರಿನಿಂದ ವಾದ ಮಾಡುತ್ತಿದ್ದ ವಕೀಲರು ಮತ್ತೆ ಪ್ರಯಾಣ ಮಾಡಬೇಕಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಯೂಟ್ಯೂಬ್ ಚಾನೆಲ್ಲನ್ನೇ ಹ್ಯಾಕ್ ಮಾಡಿ ಅದರಲ್ಲಿ ಕ್ರಿಪ್ಟೊ ಕರೆನ್ಸಿಯ ವಿಡಿಯೊ ಹಾಕಿದ್ದರು.

ಹೊರದೇಶಗಳಲ್ಲೂ ಇದೇ ಕಥೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ನ್ಯಾಯಾಲಯಗಳ ಮೇಲೆ 2023ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿ ಆಯಿತು. ಅಲ್ಲಿನ ಬಹುತೇಕ ಕೋರ್ಟುಗಳು ವಾರಗಟ್ಟಲೆ ಕಾಗದಕ್ಕೆ ಮರಳಿದವು. 2024ರ ಜುಲೈನಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಕೋರ್ಟಿನ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ಆದಾಗ, ಅದು ಹರಡದಂತೆ ಇಡೀ ನೆಟ್‌ವರ್ಕನ್ನು ಅವರೇ ಬಂದ್ ಮಾಡಿದರು. ಜುಲೈ 22ರಂದು 36 ಕೋರ್ಟ್ ಕಟ್ಟಡಗಳೂ ಮುಚ್ಚಿದ್ದವು.

ಹೀಗಾಗದಂತೆ ಕಾಯಲು ಒಂದು ಸರಳ ಸೂತ್ರವಿದೆ. ಮಾಹಿತಿಯ ಮೂರು ಪ್ರತಿ ಇರಬೇಕು. ಅವು ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿರಬೇಕು. ಒಂದು ಪ್ರತಿ ಬೇರೆ ಜಾಗದಲ್ಲಿರಬೇಕು. ಜೊತೆಗೆ ಆಗಾಗ ಆ ಪ್ರತಿಯನ್ನು ತೆರೆದು ನೋಡಬೇಕು. ಟ್ರಯಲ್ ಬ್ಯಾಲೆನ್ಸ್ ಹಾಕದೆ ಲೆಡ್ಜರ್ ಸರಿ ಇದೆ ಎನ್ನಲಾಗದು, ತೆರೆದು ನೋಡದ ಬ್ಯಾಕಪ್ ಕೂಡ ಹಾಗೆಯೇ.

ಅಮಾನತ್

ಕೋರ್ಟಿನ ಕನ್ನಡದಲ್ಲಿ ನಮ್ಮ ಮನೆಯ ಎಷ್ಟೊಂದು ಮಾತುಗಳಿವೆ! ವಕೀಲ, ಅರ್ಜಿ, ದಾವೆ, ಜಾಮೀನು, ಕೈದಿ, ನಕಲು, ಶಿರಸ್ತೇದಾರ್. ಕೆಲವು ಮಾತು ಬೇರೆ ಅರ್ಥ ಪಡೆದಿವೆ. ಕನ್ನಡದಲ್ಲಿ ಅಮಾನತು ಎಂದರೆ ಕೆಲಸದಿಂದ ತಾತ್ಕಾಲಿಕವಾಗಿ ತೆಗೆಯುವುದು. ನಮ್ಮ ಮನೆಗಳಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು, ಅದನ್ನು ಹಾಗೆಯೇ ಕಾಪಾಡಿ ಮರಳಿಸಬೇಕು.

ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಈ ಎರಡನೇ ಅರ್ಥ ತುಂಬಾ ಮುಖ್ಯ. ಅವರ ಕೈಯಲ್ಲಿ ಕೀಲಿ ಇರುತ್ತದೆ. ಗಂಡ ಹೆಂಡತಿಯ ಜಗಳದ ಕೇಸುಗಳು, ಪೋಕ್ಸೊ ಕೇಸಿನಲ್ಲಿ ನೊಂದ ಮಕ್ಕಳ ಹೆಸರುಗಳು ಆ ಸರ್ವರಿನಲ್ಲಿರುತ್ತವೆ. ಮಗುವಿನ ಗುರುತು ಹೊರಬಾರದು ಎಂದು ಕಾನೂನೇ ಹೇಳುತ್ತದೆ. ಕೀಲಿ ಇದೆ ಎಂದು ತೆರೆದು ನೋಡಬಾರದು, ನೋಡಿದ್ದನ್ನು ಚಹದಂಗಡಿಯಲ್ಲಿ ಹೇಳಬಾರದು. ಹಣ ಹಿಡಿಯುವವನೇ ಕ್ಯಾಶ್ ಬುಕ್ ಬರೆಯಬಾರದು ಎಂದು ನಾವು ಕಲಿಯುತ್ತೇವೆ. ಇಲ್ಲೂ ಯಾರು, ಯಾವಾಗ, ಏನು ತೆರೆದರು ಎಂಬುದು ಲಾಗ್‌ನಲ್ಲಿ ದಾಖಲಾಗಬೇಕು, ಅದನ್ನು ಇನ್ನೊಬ್ಬರು ಪರಿಶೀಲಿಸಬೇಕು.

ಈ ಕೆಲಸ ಸೇರುವುದು ಹೇಗೆ?

ಮುಖ್ಯವಾಗಿ ಮೂರು ದಾರಿಗಳಿವೆ.

ಒಂದು, ಇ-ಕೋರ್ಟ್ಸ್ ಯೋಜನೆಯಡಿ ಸಿಸ್ಟಂ ಆಫೀಸರ್, ಸಿಸ್ಟಂ ಅಸಿಸ್ಟೆಂಟ್ ಹುದ್ದೆಗಳು. ಇವಕ್ಕೆ ಆಯಾ ಹೈಕೋರ್ಟ್‌ಗಳು ಅಧಿಸೂಚನೆ ಹೊರಡಿಸುತ್ತವೆ. ಸಾಮಾನ್ಯವಾಗಿ ಕಂಪ್ಯೂಟರ್ ವಿಷಯದ ಪದವಿ ಅಥವಾ ಡಿಪ್ಲೊಮಾ ಕೇಳುತ್ತಾರೆ. ಇವು ಹೆಚ್ಚಾಗಿ ಗುತ್ತಿಗೆ ಹುದ್ದೆಗಳು ಎಂಬುದನ್ನು ಮರೆಯಬಾರದು.

ಎರಡು, ಕೋರ್ಟಿನ ಕಾಯಂ ಸಿಬ್ಬಂದಿಯಾಗಿ ಸೇರುವುದು. ಬೆರಳಚ್ಚುಗಾರರ ಹುದ್ದೆಗೆ ಪಿಯುಸಿ ಜೊತೆ ಕನ್ನಡ ಮತ್ತು ಇಂಗ್ಲಿಷ್ ಸೀನಿಯರ್ ಟೈಪಿಂಗ್ ಕೇಳುವುದು ವಾಡಿಕೆ. ಸಿಬ್ಬಂದಿಯಲ್ಲೇ ಆಸಕ್ತಿ ಇರುವವರನ್ನು ಆರಿಸಿ ಜಿಲ್ಲಾ ಸಿಸ್ಟಂ ಅಡ್ಮಿನಿಸ್ಟ್ರೇಟರ್ ತರಬೇತಿ ಕೊಡುವ ಪದ್ಧತಿ ಇ-ಕೋರ್ಟ್ಸ್‌ನಲ್ಲಿದೆ. ಕೆಲಸವೂ ಭದ್ರ, ಕಲಿಕೆಯೂ ಆಗುತ್ತದೆ.

ಮೂರು, ಎನ್‌ಐಸಿ. ಇದು ಕೇಂದ್ರ ಸರ್ಕಾರದ ಸಂಸ್ಥೆ. ಇದರ ತಾಂತ್ರಿಕ ಹುದ್ದೆಗಳಿಗೆ ಬಿಇ, ಎಂಸಿಎಯಂಥ ಪದವಿ ಬೇಕು.

ಕಾಮರ್ಸಿನಿಂದ ಅಲ್ಲಿಗೆ ಹೇಗೆ? ಅನೇಕ ಕಾಲೇಜುಗಳಲ್ಲಿ ಕಾಮರ್ಸ್ ಪಿಯುಸಿ ಮುಗಿಸಿದವರಿಗೂ ಬಿಸಿಎ ಸಿಗುತ್ತದೆ. ಅದಾದ ಮೇಲೆ ಎರಡು ವರ್ಷದ ಎಂಸಿಎ ಮಾಡಬಹುದು. ಬಿಕಾಂ ಮಾಡಿಯೂ ಎಂಸಿಎಗೆ ಹೋಗಬಹುದು, ಆದರೆ ಪಿಯುಸಿ ಅಥವಾ ಪದವಿಯಲ್ಲಿ ಗಣಿತ ಓದಿದ್ದರೆ ಒಳ್ಳೆಯದು. ಆದ್ದರಿಂದ ಪ್ರಥಮ ಪಿಯುಸಿ ಸೇರುವ ತಮ್ಮ ತಂಗಿಯರು ವಿಷಯ ಆರಿಸುವ ದಿನವೇ ಇದನ್ನು ಯೋಚಿಸಬೇಕು. ಸುಲಭ ಎಂದು ಕಂಪ್ಯೂಟರ್ ಸೈನ್ಸ್ ಬಿಟ್ಟರೆ ಮುಂದೆ ಒಂದು ಬಾಗಿಲು ಕಿರಿದಾಗುತ್ತದೆ.

ಈಗಿನಿಂದಲೇ ಮಾಡಬಹುದಾದದ್ದೂ ಇದೆ. ಸಿಸ್ಕೊ ಕಂಪನಿಯ ಪ್ಯಾಕೆಟ್ ಟ್ರೇಸರ್ ಎಂಬ ಉಚಿತ ತಂತ್ರಾಂಶದಲ್ಲಿ ವೈರು, ಸ್ವಿಚ್ ಕೊಳ್ಳದೆಯೇ ನೆಟ್‌ವರ್ಕ್ ಕಟ್ಟಿ ಕಲಿಯಬಹುದು. ಹಳೆಯ ಕಂಪ್ಯೂಟರಿನಲ್ಲಿ ಉಬುಂಟು ಹಾಕಿ ನೋಡಬಹುದು. ಪಿಯುಸಿ ಆದ ಮೇಲೆ ನೈಲಿಟ್ ಸಂಸ್ಥೆಯ ಒ ಲೆವೆಲ್, ಮುಂದೆ ಸಿಸಿಎನ್‌ಎ ಪರೀಕ್ಷೆ ಬರೆಯಬಹುದು.

ಇನ್ನೊಂದು ಮಾತನ್ನು ನನ್ನಂತೆ ಉರ್ದು ಮನೆಯಿಂದ ಬರುವವರಿಗೆ ಹೇಳಬೇಕು. ನಮ್ಮ ಕೆಳ ಕೋರ್ಟುಗಳಲ್ಲಿ ಕನ್ನಡವಿಲ್ಲದೆ ಕೆಲಸ ನಡೆಯುವುದಿಲ್ಲ. ಪಾಸಾದರೆ ಸಾಕು ಎಂದು ಕನ್ನಡ ಓದಬೇಡಿ. ಕನ್ನಡ ಟೈಪಿಂಗ್ ಕಲಿಯಿರಿ.

ಕಷ್ಟವೂ ಇದೆ. ಎಲ್ಲ ಸರಿ ಇದ್ದಾಗ ಯಾರಿಗೂ ಇವರ ನೆನಪಾಗುವುದಿಲ್ಲ. ನಿಂತಾಗ ಮಾತ್ರ ಎಲ್ಲರೂ ಬೈಯುತ್ತಾರೆ. ಅವತ್ತು ನಾನೂ ಮನಸ್ಸಿನಲ್ಲಿ ಬೈದುಕೊಂಡಿದ್ದೆ.

ನಾನು ಬಿಸಿಎ ಮಾಡುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೇನೆ. ಅಬ್ಬಾ ಇನ್ನೂ ಒಪ್ಪಿಲ್ಲ. ಬಿಕಾಂ ಮಾಡಿ ಅಂಗಡಿಯ ಲೆಕ್ಕ ನೋಡಿಕೊಂಡರೆ ಸಾಕು ಎನ್ನುತ್ತಾರೆ. ನನ್ನ ಪರ ಮಾತಾಡಿದವರು ನಾನಾ ಒಬ್ಬರೇ. ಅವತ್ತು ಕಾಪಿ ಕೈಗೆ ಸಿಕ್ಕಾಗ ಮೂರು ಗಂಟೆ ಆಗಿತ್ತು. ಬಸ್ಸಿನಲ್ಲಿ ನಾನಾ ಆ ಸರ್‌ಗೆ ದುಆ ಮಾಡಿದರು. ಹೆಸರು ಗೊತ್ತಿರಲಿಲ್ಲ, "ವೈರಿನವರು" ಎಂದೇ ದುಆ ಮಾಡಿದರು.