ಯಂತ್ರಕ್ಕೂ ಒಂದು ಚೀಟಿ

ಮನೆಯ ಗ್ಯಾಸ್ ಸಿಲಿಂಡರನ್ನು ಒಮ್ಮೆ ನೋಡಿ. ಮೇಲೆ ಹಿಡಿಕೆ ಇದೆ. ಹಿಡಿಕೆಯ ಕೆಳಗೆ ಕಬ್ಬಿಣದ ಪಟ್ಟಿಗಳಿವೆ. ಒಂದು ಪಟ್ಟಿಯ ಮೇಲೆ ಇಂಗ್ಲಿಷಿನ ಒಂದು ಅಕ್ಷರ ಬರೆದಿರುತ್ತಾರೆ. ಪಕ್ಕದಲ್ಲಿ ಎರಡು ಅಂಕಿ ಇರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್. ಬಿ ಅಂದರೆ ಏಪ್ರಿಲ್‌ನಿಂದ ಜೂನ್. ಸಿ ಅಂದರೆ ಜುಲೈನಿಂದ ಸೆಪ್ಟೆಂಬರ್. ಡಿ ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ಅಂದರೆ ಇಸವಿ. 'ಬಿ 28' ಎಂದಿದ್ದರೆ, 2028ರ ಜೂನ್ ಮುಗಿಯುವುದರೊಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಬೇಕು.

ಸಿಲಿಂಡರಿಗೆ ಹೀಗೆ ಗಡುವು ಇದೆ. ನಾವು ದುಡಿಯುವ ಜಾಗದ ಕರೆಂಟಿನ ಯಂತ್ರಕ್ಕೆ?

ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಗ್ರೈಂಡರು ಇದೆ. ಸಂಘದ ಮನೆಯಲ್ಲಿ ರೊಟ್ಟಿ ಯಂತ್ರ ಇದೆ. ಹೊಲಿಗೆ ಯಂತ್ರಕ್ಕೆ ಮೋಟಾರು ಕೂರಿಸಿದ್ದಾರೆ. ಖಾರ ಕುಟ್ಟುವ ಯಂತ್ರ, ಇಸ್ತ್ರಿಪೆಟ್ಟಿಗೆ, ನೀರೆತ್ತುವ ಪಂಪು ಎಲ್ಲಾ ಇವೆ. ತಂದ ದಿನ ಪೂಜೆ ಮಾಡುತ್ತೇವೆ. ಆಯುಧಪೂಜೆಗೆ ಕುಂಕುಮ ಇಡುತ್ತೇವೆ. ಆದರೆ ಅದರ ವೈರು ಸರಿ ಇದೆಯಾ ಎಂದು ಕೊನೆಗೆ ನೋಡಿದ್ದು ಯಾವಾಗ? ಕೇಳಿದರೆ, "ಓಡ್ತಾ ಇದೆಯಲ್ಲ, ಇನ್ನೇನು?" ಅನ್ನುತ್ತಾರೆ.

ಓಡುವ ಯಂತ್ರವೆಲ್ಲ ಒಳ್ಳೆಯ ಯಂತ್ರ ಅಲ್ಲ. ಚೆನ್ನಾಗಿ ಓಡುತ್ತಲೇ ಯಂತ್ರ ಜೀವ ತೆಗೆಯಬಹುದು. ಅದು ಹೇಗೆ?

ಗ್ರೈಂಡರಿನ ಒಳಗೆ ಮೋಟಾರು ಇದೆ. ಮೋಟಾರಿನ ತಂತಿಗೆ ಹೊದಿಕೆ ಇದೆ. ಕರೆಂಟು ಆ ಹೊದಿಕೆಯ ಒಳಗೇ ಹರಿಯಬೇಕು. ದಿನಾ ಹಿಟ್ಟಿನ ನೀರು ಚೆಲ್ಲುತ್ತದೆ. ಪುಡಿ ಸೇರುತ್ತದೆ. ಬಿಸಿಗೆ ಹೊದಿಕೆ ಸೀಳುತ್ತದೆ. ಇಲಿ ಕಡಿಯುತ್ತದೆ. ಆಗ ತಂತಿ ಯಂತ್ರದ ಕಬ್ಬಿಣದ ಮೈಗೆ ತಗಲುತ್ತದೆ. ಮೋಟಾರು ಓಡುತ್ತಲೇ ಇರುತ್ತದೆ. ಆದರೆ ಯಂತ್ರದ ಮೈಯೆಲ್ಲಾ ಕರೆಂಟು! ಒದ್ದೆ ಕೈಯಲ್ಲಿ ಮುಟ್ಟಿದವರ ಗತಿ ಏನು?

ಇದಕ್ಕಾಗಿಯೇ ಪ್ಲಗ್ಗಿಗೆ ಮೂರನೆಯ ಕಡ್ಡಿ ಇರುವುದು. ಅದು ಉಳಿದ ಎರಡಕ್ಕಿಂತ ಉದ್ದ, ದಪ್ಪ. ಅದಕ್ಕೆ ಹಸಿರು ಅಥವಾ ಹಸಿರು-ಹಳದಿ ವೈರು ಸೇರಿಸಿರುತ್ತಾರೆ. ಆ ವೈರು ಒಂದು ಕಡೆ ಯಂತ್ರದ ಮೈಗೆ ಸೇರುತ್ತದೆ. ಇನ್ನೊಂದು ಕಡೆ ಗೋಡೆಯ ವೈರಿನ ಮೂಲಕ ಹೊರಗಿನ ಅರ್ಥಿಂಗ್ ಗುಂಡಿಗೆ ಹೋಗುತ್ತದೆ. ಯಂತ್ರದ ಮೈಗೆ ಕರೆಂಟು ಬಂದರೆ ಅದು ಈ ದಾರಿಯಲ್ಲಿ ಹರಿಯುತ್ತದೆ. ದಾರಿ ಚೆನ್ನಾಗಿದ್ದರೆ ಫ್ಯೂಸು ಹೋಗುತ್ತದೆ, ಯಂತ್ರ ನಿಲ್ಲುತ್ತದೆ. ಆ ದಾರಿ ಇಲ್ಲದಿದ್ದರೆ ಕರೆಂಟು ನಮ್ಮ ಕೈಯಿಂದ ಕಾಲಿಗೆ ಇಳಿದು ಭೂಮಿಗೆ ಹೋಗುತ್ತದೆ.

ನಮ್ಮ ಜನ ಮಾಡುವುದು ಏನು? ಸಾಕೆಟ್ಟಿಗೆ ಎರಡೇ ತೂತು ಇದೆ ಎಂದು ಮೂರನೆಯ ಕಡ್ಡಿ ಮುರಿಯುತ್ತಾರೆ. ಪ್ಲಗ್ಗು ಒಡೆದರೆ ಬರೀ ವೈರನ್ನೇ ತೂತಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುತ್ತಾರೆ. ಹತ್ತು ರೂಪಾಯಿ ಉಳಿಸುವ ಈ ಜಾಣತನ ಕಂಡರೆ ನಮಗೆ ಸಿಟ್ಟೇ ಬರುತ್ತದೆ.

"ಫ್ಯೂಸು ಇದೆಯಲ್ಲ, ಅದು ಕಾಪಾಡುತ್ತೆ" ಅನ್ನುವವರೂ ಇದ್ದಾರೆ. ಫ್ಯೂಸು ಇರುವುದು ವೈರು ಸುಟ್ಟು ಬೆಂಕಿ ಹತ್ತದಿರಲಿ ಎಂದು. ಮನುಷ್ಯರ ಮೈಯಲ್ಲಿ ಹರಿಯುವ ಕರೆಂಟು ಅದಕ್ಕೆ ಲೆಕ್ಕಕ್ಕೇ ಇಲ್ಲ. 60 ವ್ಯಾಟಿನ ಒಂದು ಬಲ್ಬಿನಲ್ಲಿ ಹರಿಯುವಷ್ಟು ಕರೆಂಟು ಎದೆಯ ಮೂಲಕ ಹಾದರೆ ಜೀವ ಹೋಗಬಹುದು. ಅಷ್ಟಕ್ಕೆ ಫ್ಯೂಸು ಹೋಗುವುದಿಲ್ಲ. ಜೀವ ಉಳಿಸಲು ಬೇರೆ ಸ್ವಿಚ್ಚು ಇದೆ. ಅದಕ್ಕೆ ಆರ್‌ಸಿಸಿಬಿ ಅಂತಾರೆ. ಕರೆಂಟು ದಾರಿ ತಪ್ಪಿ ಹರಿದರೆ ಅದು ತಟ್ಟನೆ ಬೀಳುತ್ತದೆ. 30 ಮಿಲಿಆಂಪಿನ ಸ್ವಿಚ್ಚು ಹಾಕಿಸಬೇಕು. ಆ ಬಲ್ಬಿನ ಕರೆಂಟಿನಲ್ಲಿ ಎಂಟನೇ ಒಂದು ಪಾಲಿಗಿಂತಲೂ ಇದು ಕಡಿಮೆ. ಅದರ ಮೇಲೆ 'ಟಿ' ಎಂದು ಬರೆದ ಸಣ್ಣ ಗುಂಡಿ ಇದೆ. ತಿಂಗಳಿಗೊಮ್ಮೆ ಅದನ್ನು ಒತ್ತಿ. ಸ್ವಿಚ್ಚು ಬಿದ್ದರೆ ಅದು ಕೆಲಸ ಮಾಡುತ್ತಿದೆ. ಬೀಳದಿದ್ದರೆ ಎಲೆಕ್ಟ್ರಿಷಿಯನ್ ಬಂದು ನೋಡಬೇಕು.

ಇನ್ನು ಯಂತ್ರದ ಪರೀಕ್ಷೆ. ನಾವು ಪಾಠ ಹೇಳುವವರು. ಕರೆಂಟಿನ ಕೆಲಸ ನಮ್ಮದಲ್ಲ, ನಿಮ್ಮದೂ ಅಲ್ಲ. ಅದಕ್ಕೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನೇ ಬೇಕು. ಆದರೆ ಅವರು ಏನು ಮಾಡಬೇಕು ಎಂದು ನಮಗೆ ಗೊತ್ತಿರಬೇಕು. ಇಲ್ಲದಿದ್ದರೆ ಟೆಸ್ಟರು ಮುಟ್ಟಿಸಿ, ಚಾ ಕುಡಿದು ಹೋಗುತ್ತಾರೆ.

ಮೊದಲು ಯಂತ್ರವನ್ನು ಕಣ್ಣಿನಿಂದ ನೋಡುವುದು. ಪ್ಲಗ್ಗು ಒಡೆದಿದೆಯಾ, ವೈರಿಗೆ ನಡುವೆ ಟೇಪು ಸುತ್ತಿದೆಯಾ, ಸುಟ್ಟ ಗುರುತಿದೆಯಾ? ಆಮೇಲೆ ಪ್ಲಗ್ಗು ಕಿತ್ತು, ದಪ್ಪ ಕಡ್ಡಿಯಿಂದ ಯಂತ್ರದ ಮೈವರೆಗೆ ಹಸಿರು ವೈರು ಕೂಡಿದೆಯಾ ಎಂದು ಮೀಟರಿನಲ್ಲಿ ಅಳೆಯಬೇಕು. ಕೊನೆಗೆ ಮೆಗ್ಗರ್ ಎಂಬ ಸಾಧನದಿಂದ ತಂತಿಯ ಹೊದಿಕೆಯನ್ನು ಪರೀಕ್ಷಿಸಬೇಕು. ಅದು 500 ವೋಲ್ಟು ಕೊಟ್ಟು, ಕರೆಂಟು ಸೋರುತ್ತದೆಯಾ ಎಂದು ನೋಡುತ್ತದೆ. ಲೆಕ್ಕ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಯಂತ್ರ ಬಳಸಬಾರದು. ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಬಂದಿದೆಯಾ ಎಂದೂ ನೋಡಿಸಿಕೊಳ್ಳಿ. ಗೋಡೆಯಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಯಂತ್ರದ ಹಸಿರು ವೈರು ದಂಡ.

ಪರೀಕ್ಷೆ ಆದ ಮೇಲೆ ಒಂದು ಚೀಟಿ ಕಟ್ಟಬೇಕು. ಆಸ್ಟ್ರೇಲಿಯಾ ದೇಶದಲ್ಲಿ ಕೆಲಸದ ಜಾಗದ ಯಂತ್ರಗಳ ವೈರಿಗೆ ಹೀಗೆ ಚೀಟಿ ಹಚ್ಚುವ ರೂಢಿ ಇದೆ. ಕಟ್ಟಡದ ಕೆಲಸದಲ್ಲಿ ಮೂರು ತಿಂಗಳಿಗೊಮ್ಮೆ ಚೀಟಿಯ ಬಣ್ಣವನ್ನೇ ಬದಲಿಸುತ್ತಾರೆ. ದೂರದಿಂದ ನೋಡಿದರೂ ಹಳೆಯದು ಯಾವುದು ಎಂದು ಗೊತ್ತಾಗುತ್ತದೆ. ನಮ್ಮ ಸಂಘದ ಮನೆಯಲ್ಲೂ ಇದನ್ನು ಮಾಡಬಹುದು. ದಪ್ಪ ಕಾಗದ, ಪ್ಲಾಸ್ಟಿಕ್ ಹೊದಿಕೆ, ದಾರ ಸಾಕು. ಹೀಗೆ ಬರೆಯಿರಿ:

ಯಂತ್ರ: ಗ್ರೈಂಡರು, ನಂಬರು 2
ಪರೀಕ್ಷೆ ಮಾಡಿದ ದಿನ: 10 ಜನವರಿ
ಫಲಿತಾಂಶ: ಸರಿ ಇದೆ
ಮುಂದಿನ ಪರೀಕ್ಷೆ: 10 ಜುಲೈ
ಪರೀಕ್ಷೆ ಮಾಡಿದವರ ಸಹಿ:

ದಿನದ ಜೊತೆ ಇಸವಿಯನ್ನೂ ಬರೆಯಿರಿ. ನೀರು, ಹಿಟ್ಟು ಇರುವ ಕಡೆ ಆರು ತಿಂಗಳಿಗೊಮ್ಮೆ ಪರೀಕ್ಷೆ ಆಗಲಿ. ಸಹಿ ಇಲ್ಲದ ಚೀಟಿ ಒಪ್ಪಬೇಡಿ. ಇದೇ ವಿವರವನ್ನು ಒಂದು ಪುಸ್ತಕದಲ್ಲೂ ಬರೆದಿಡಿ. ಚೀಟಿ ಹರಿದರೂ ಲೆಕ್ಕ ಉಳಿಯುತ್ತದೆ.

ಚೀಟಿ ತಾಯತ ಅಲ್ಲ. ಹತ್ತನೇ ತಾರೀಖು ಪರೀಕ್ಷೆ ಆಗಿರುತ್ತದೆ, ಹನ್ನೆರಡನೇ ತಾರೀಖು ಇಲಿ ವೈರು ಕಡಿದಿರುತ್ತದೆ. ಅದಕ್ಕೇ ದಿನಾ ಸ್ವಿಚ್ಚು ಹಾಕುವ ಮೊದಲು ವೈರು, ಪ್ಲಗ್ಗು ನೋಡಬೇಕು. ಯಂತ್ರ ತೊಳೆಯುವ ಮೊದಲು ಸ್ವಿಚ್ಚು ಆರಿಸಿ, ಪ್ಲಗ್ಗು ಕೀಳಬೇಕು. ವೈರು ಹಿಡಿದು ಎಳೆಯಬಾರದು.

ಪರೀಕ್ಷೆಯಲ್ಲಿ ಸೋತ ಯಂತ್ರಕ್ಕೆ ಕೆಂಪು ಚೀಟಿ ಕಟ್ಟಿ. 'ಕೆಟ್ಟಿದೆ, ಮುಟ್ಟಬೇಡಿ' ಎಂದು ದೊಡ್ಡದಾಗಿ ಬರೆಯಿರಿ. ಓದು ಬಾರದವರಿಗೆ ಬಾಯಲ್ಲೂ ಹೇಳಿ. ಯಂತ್ರವನ್ನು ಬೇರೆ ಕಡೆ ಇಡಿ. ಇಲ್ಲದಿದ್ದರೆ ಅವಸರದಲ್ಲಿ ಯಾರಾದರೂ ಹಾಕಿಬಿಡುತ್ತಾರೆ.

ಬೇರೆಯವರ ಹತ್ತಿರ ಕೂಲಿಗೆ ಹೋಗುವವರ ಕಷ್ಟ ಬೇರೆ. ಗ್ರೈಂಡರು ಮುಟ್ಟಿದರೆ ಕೈ ಜುಂ ಅನ್ನುತ್ತೆ. ಹೇಳಿದರೆ, "ಚಪ್ಪಲಿ ಹಾಕ್ಕೊಂಡು ಮಾಡಮ್ಮ, ಏನಾಗಲ್ಲ" ಅನ್ನುತ್ತಾರೆ. ಚಪ್ಪಲಿ ಒದ್ದೆಯಾಗುತ್ತದೆ, ಸವೆಯುತ್ತದೆ, ಒಂದು ಕೈ ಗೋಡೆಗೂ ತಗಲುತ್ತದೆ. ಜುಂ ಅನ್ನುವುದೇ ಎಚ್ಚರಿಕೆ. ಒಬ್ಬರೇ ಹೇಳಿದರೆ ಕೆಲಸ ಹೋಗುವ ಭಯ ಇರುತ್ತದೆ. ಆದ್ದರಿಂದ ಜೊತೆಯವರೆಲ್ಲ ಸೇರಿ ಹೇಳಿ: "ಅಣ್ಣ, ಕೆಲಸ ಮಾಡಲ್ಲ ಅಂತ ಅಲ್ಲ. ಈ ಯಂತ್ರ ಕರೆಂಟು ಹೊಡೀತಾ ಇದೆ. ಎಲೆಕ್ಟ್ರಿಷಿಯನ್ ನೋಡಿ ಚೀಟಿ ಬರೆದುಕೊಡಲಿ. ಅಲ್ಲಿವರೆಗೆ ಬೇರೆ ಕೆಲಸ ಕೊಡಿ."

ಯಾರಿಗಾದರೂ ಕರೆಂಟು ಹಿಡಿದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ಚು ಆರಿಸಿ. ಅದು ಆಗದಿದ್ದರೆ, ಒಣಗಿದ ಜಾಗದಲ್ಲಿ ನಿಂತು ಒಣಮರದ ಕೋಲಿನಿಂದ ವೈರನ್ನು ದೂಡಿ. 108ಕ್ಕೆ ಫೋನು ಮಾಡಿ. ಈ ನಂಬರನ್ನು ಮೇನ್ ಸ್ವಿಚ್ಚಿನ ಪಕ್ಕದ ಗೋಡೆ ಮೇಲೆ ಇವತ್ತೇ ಬರೆದಿಡಿ.