ಬಾವಿಯ ಬಳಿಯ ಹೆಂಗಸು

ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರ ತಂದೆ ಅನಂತಶಾಸ್ತ್ರಿಗಳು, ಪತ್ನಿಗೆ ಸಂಸ್ಕೃತವನ್ನು ಬೋಧಿಸಿದ ಅಪರಾಧಕ್ಕಾಗಿ ಸ್ವಜನರ ನಿಂದೆಗೆ ಗುರಿಯಾದವರು. ತಿರಸ್ಕಾರವು ಮಗಳಿಗೆ ಪಿತ್ರಾರ್ಜಿತವಾಗಿಯೇ ಬಂದಿತೆನ್ನಬೇಕು. ಕ್ಷಾಮದಲ್ಲಿ ಮಾತಾಪಿತೃಗಳನ್ನೂ ಬಳಿಕ ಅಣ್ಣನನ್ನೂ ಕಳೆದುಕೊಂಡು, ಅನ್ಯಜಾತಿಯ ಬಂಗಾಳಿ ವಕೀಲರೊಬ್ಬರ ಕೈಹಿಡಿದು, ಎರಡು ವರ್ಷ ತುಂಬುವ ಮುನ್ನವೇ ವಿಧವೆಯಾದ ಆಕೆಗೆ, ಕಲಕತ್ತೆಯ ವಿದ್ವಾಂಸರು ಇತ್ತಿದ್ದ ‘ಸರಸ್ವತಿ’ ಬಿರುದು ಯಾವ ಆಸರೆಯಾದೀತು?

ಮುಂದೆ ಇಂಗ್ಲೆಂಡಿಗೆ ತೆರಳಿದ ರಮಾಬಾಯಿಯವರು, ಅಲ್ಲಿನ ಫುಲ್ಹ್ಯಾಮಿನಲ್ಲಿ ಕ್ರೈಸ್ತ ಸಂನ್ಯಾಸಿನಿಯರು, ಸಮಾಜವು ಪತಿತೆಯರೆಂದು ದೂರವಿಟ್ಟ ಸ್ತ್ರೀಯರನ್ನು ಆದರದಿಂದ ಕಾಣುತ್ತಿದ್ದುದನ್ನು ಕಂಡು ವಿಸ್ಮಿತರಾಗಿ ಕಾರಣವನ್ನು ಕೇಳಿದಾಗ, ಅವರಿಗೆ ಉತ್ತರವಾಗಿ ದೊರೆತದ್ದು ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯ: ಬಾವಿಯ ಬಳಿ ಯೇಸು, ಯೆಹೂದ್ಯರು ದೂರವಿಡುತ್ತಿದ್ದ ಸಮಾರ್ಯದ ಹೆಂಗಸಿನೊಡನೆ ಸಂಭಾಷಿಸಿದ ಪ್ರಸಂಗ. 1883ರಲ್ಲಿ ವಾಂಟೇಜಿನಲ್ಲಿ ಅವರು ದೀಕ್ಷಾಸ್ನಾನ ಪಡೆದರು.

ಇದರಿಂದ ನಿರಾಕರಣೆ ನಿಂತಿತೆಂದು ಭಾವಿಸಬಾರದು. ಸ್ವದೇಶಕ್ಕೆ ಮರಳಿ ವಿಧವೆಯರಿಗಾಗಿ ಅವರು ತೆರೆದಿದ್ದ ಶಾರದಾಸದನದಿಂದ ಸುಧಾರಕ ಮಿತ್ರರು 1893ರಲ್ಲಿ ದೂರ ಸರಿದರು. ಅತ್ತ, ಕಂಡದ್ದನ್ನೆಲ್ಲ ಪ್ರಶ್ನಿಸುವ ಈ ಶಿಷ್ಯೆ ಆಂಗ್ಲ ಗುರುಗಳಿಗೂ ಸುಲಭದ ತುತ್ತಾಗಿರಲಿಲ್ಲ. ಆದರೂ 1896-97ರ ಕ್ಷಾಮದಲ್ಲಿ, ತಾವೊಮ್ಮೆ ಉಂಡ ಹಸಿವನ್ನು ಮರೆಯದೆ, ಮಧ್ಯಪ್ರಾಂತದ ಅನಾಥ ಬಾಲೆಯರನ್ನು ಕರೆತಂದು, ಪುಣೆಯ ಸಮೀಪದ ಕೇಡಗಾಂವದಲ್ಲಿ ಮುಕ್ತಿಸದನವನ್ನು ಕಟ್ಟಿದರು. ಮುಂದೆ ಅಲ್ಲಿಯೇ, ಫುಲ್ಹ್ಯಾಮಿನಲ್ಲಿ ಕಂಡಂಥ ಸ್ತ್ರೀಯರಿಗಾಗಿ, ಕೃಪಾಸದನವೆಂಬ ಮನೆಯೊಂದು ಎದ್ದಿತು.