ವಿದ್ಯುತ್ ಪಿಕಪ್ ಟ್ರಕ್ಕು: ಮೋಟಾರು, ಮೈಲಿ ಮತ್ತು ಬೆಲೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಗ್ರಾಮಜೀವನದಲ್ಲಿ ಪಿಕಪ್ ಟ್ರಕ್ಕಿಗೆ ಇರುವ ಸ್ಥಾನವು ನಮ್ಮ ರೈತನ ಬಾಳಿನಲ್ಲಿ ಚಕ್ಕಡಿಗೆ ಇದ್ದ ಸ್ಥಾನವನ್ನು ಹೋಲುತ್ತದೆ. ಮುಂದೆ ಕುಳಿತುಕೊಳ್ಳಲು ಸ್ಥಳ, ಹಿಂದೆ ಸರಕು ಹೇರಲು ತೆರೆದ ಪೆಟ್ಟಿಗೆ. ಇಷ್ಟೇ ಅದರ ರೂಪ. ಹುಲ್ಲಿನ ಹೊರೆಯಾಗಲಿ, ಬಡಗಿಯ ಉಪಕರಣಗಳಾಗಲಿ, ಕುದುರೆಯನ್ನು ಸಾಗಿಸುವ ಜೋಡುಬಂಡಿಯಾಗಲಿ, ಎಲ್ಲಕ್ಕೂ ಅದೇ ಆಧಾರ. ಫೋರ್ಡ್ ಸಂಸ್ಥೆಯ 'ಎಫ್' ಶ್ರೇಣಿಯ ಟ್ರಕ್ಕುಗಳು ನಾಲ್ಕು ದಶಕಗಳಿಗೂ ಮೀರಿ ಆ ದೇಶದಲ್ಲಿ ಅತ್ಯಧಿಕವಾಗಿ ಮಾರಾಟವಾದ ಟ್ರಕ್ಕುಗಳೆಂಬ ಸಂಗತಿಯಿಂದ ಈ ವಾಹನದ ಜನಪ್ರಿಯತೆಯನ್ನು ಊಹಿಸಬಹುದು.

ಇಂತಹ ವಾಹನವನ್ನು ಪೆಟ್ರೋಲಿನಿಂದ ವಿದ್ಯುತ್ತಿಗೆ ತಿರುಗಿಸುವ ಮಹಾಪ್ರಯತ್ನವೊಂದು 2019 ರಿಂದ 2025 ರವರೆಗಿನ ಅವಧಿಯಲ್ಲಿ ನಡೆಯಿತು. ಆ ಪ್ರಯತ್ನದಲ್ಲಿ ಮೋಟಾರು ಗೆದ್ದಿತು. ಬೆಲೆಯ ಬಗೆಗೆ ಕೊಟ್ಟ ಮಾತು ಸೋತಿತು. ಇದು ಹೇಗಾಯಿತೆಂಬುದನ್ನು ತಿಳಿಯಬೇಕಾದರೆ ಮೋಟಾರು, ಬ್ಯಾಟರಿ, ಬೆಲೆ ಈ ಮೂರರ ಪರಸ್ಪರ ಸಂಬಂಧವನ್ನು ಅರಿಯುವುದು ಅವಶ್ಯ.

ಮೋಟಾರುಗಳ ಜೋಡಣೆ

ಪೆಟ್ರೋಲ್ ಎಂಜಿನ್ನು ನಿಂತಲ್ಲಿಂದಲೇ ತನ್ನ ಪೂರ್ಣ ಬಲವನ್ನು ಕೊಡಲಾರದು. ಅದು ಒಂದು ವೇಗದಲ್ಲಿ ತಿರುಗುತ್ತಿದ್ದರೆ ಮಾತ್ರ ಬಲ ಹೊಮ್ಮುತ್ತದೆ. ಆದುದರಿಂದಲೇ ಅದಕ್ಕೆ ಹಲವು ಗೇರುಗಳ ನೆರವು ಬೇಕು. ವಿದ್ಯುತ್ ಮೋಟಾರಿನ ಸ್ವಭಾವ ಇದಕ್ಕೆ ಭಿನ್ನವಾದುದು. ತಿರುಗಲು ಆರಂಭಿಸಿದ ಕ್ಷಣದಿಂದಲೇ ಅದರ ತಿರುಚುಬಲ ಪೂರ್ಣವಾಗಿ ದೊರೆಯುತ್ತದೆ. ಭಾರ ಎಳೆಯುವ ವಾಹನಕ್ಕೆ ಇದಕ್ಕಿಂತ ಉಚಿತವಾದ ಗುಣ ಬೇರೊಂದಿಲ್ಲ. ಇದಲ್ಲದೆ ಮೋಟಾರು ಗಾತ್ರದಲ್ಲಿ ಚಿಕ್ಕದು. ಎರಡು ಗಾಲಿಗಳ ನಡುವೆ, ಅಚ್ಚಿನ ಬಳಿಯಲ್ಲಿಯೇ ಅದನ್ನು ಕೂರಿಸಬಹುದು. ಹೀಗಾಗಿ ಒಂದು ವಾಹನದಲ್ಲಿ ಎಷ್ಟು ಮೋಟಾರುಗಳಿರಬೇಕೆಂಬ ಹೊಸ ಪ್ರಶ್ನೆ ಹುಟ್ಟಿತು.

ಹಿಂದಿನ ಗಾಲಿಗಳಿಗೆ ಮಾತ್ರ ಒಂದು ಮೋಟಾರು ಜೋಡಿಸುವುದು ಅತ್ಯಂತ ಸರಳವೂ ಅಗ್ಗವೂ ಆದ ಕ್ರಮ. ಮುಂದೊಂದು ಹಿಂದೊಂದು ಮೋಟಾರನ್ನು ಇರಿಸಿದರೆ ನಾಲ್ಕೂ ಗಾಲಿಗಳಿಗೆ ಬಲ ಹರಿದು, ಕೆಸರಿನಲ್ಲಿಯೂ ಹಿಮದಲ್ಲಿಯೂ ಹಿಡಿತ ಹೆಚ್ಚುತ್ತದೆ. 2022 ರಲ್ಲಿ ಗ್ರಾಹಕರ ಕೈಸೇರಿದ ಫೋರ್ಡ್ ಎಫ್-150 ಲೈಟ್ನಿಂಗ್ ಈ ಕ್ರಮವನ್ನು ಅನುಸರಿಸಿತು. ಜನರಲ್ ಮೋಟಾರ್ಸ್ ಸಂಸ್ಥೆಯ ಹಮ್ಮರ್ ಟ್ರಕ್ಕಿನ ಮೊದಲ ಆವೃತ್ತಿಯಲ್ಲಿ ಮುಂದೆ ಒಂದು, ಹಿಂದೆ ಎರಡು, ಹೀಗೆ ಮೂರು ಮೋಟಾರುಗಳು ಸೇರಿ ಸುಮಾರು 1000 ಅಶ್ವಶಕ್ತಿಯನ್ನು ಒದಗಿಸಿದವು. 2021 ರ ಸೆಪ್ಟೆಂಬರಿನಲ್ಲಿ ಹೊರಬಂದ ರಿವಿಯನ್ ಆರ್1ಟಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿಯೊಂದು ಗಾಲಿಗೂ ಒಂದೊಂದು ಮೋಟಾರನ್ನು ಮೀಸಲಿಟ್ಟಿತು. ಯಾವ ಗಾಲಿ ಜಾರುವುದೋ ಅದರ ಬಲವನ್ನು ತಗ್ಗಿಸಿ, ಯಾವುದಕ್ಕೆ ನೆಲ ಸಿಕ್ಕಿದೆಯೋ ಅದರ ಬಲವನ್ನು ಹೆಚ್ಚಿಸುವುದು ಈ ವ್ಯವಸ್ಥೆಯಲ್ಲಿ ಕ್ಷಣಮಾತ್ರದ ಕೆಲಸ. ಲಾರ್ಡ್ಸ್‌ಟೌನ್ ಎಂಬ ಸಂಸ್ಥೆ ಮೋಟಾರನ್ನು ಗಾಲಿಯ ಗುಂಬದೊಳಗೇ ಅಡಗಿಸಿತು. ಆದರೆ 2022 ರ ಸೆಪ್ಟೆಂಬರಿನಲ್ಲಿ ತಯಾರಿಕೆ ಆರಂಭಿಸಿದ ಆ ಸಂಸ್ಥೆ 2023 ರ ಜೂನ್ ತಿಂಗಳಲ್ಲಿ ದಿವಾಳಿಯಾಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮೋಟಾರುಗಳನ್ನು ಹೆಚ್ಚಿಸಿದರೆ ಬಲವೂ ಹಿಡಿತವೂ ಹೆಚ್ಚುತ್ತವೆಯೇ ಹೊರತು ಕ್ರಮಿಸುವ ದೂರ ಹೆಚ್ಚುವುದಿಲ್ಲ. ಎತ್ತುಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಕಣಜದ ಮೇವು ಹೆಚ್ಚೀತೆ? ಆ ಮೇವಿನ ಲೆಕ್ಕ ಬ್ಯಾಟರಿಗೆ ಸೇರಿದ್ದು.

ಬ್ಯಾಟರಿ ಮತ್ತು ದೂರ

ಬ್ಯಾಟರಿಯ ಸಾಮರ್ಥ್ಯವನ್ನು ಕಿಲೋವಾಟ್-ಗಂಟೆಗಳಲ್ಲಿ ಅಳೆಯುತ್ತಾರೆ. ನಮ್ಮ ಮನೆಗಳ ವಿದ್ಯುತ್ ಬಿಲ್ಲಿನಲ್ಲಿ 'ಯೂನಿಟ್' ಎಂದು ನಮೂದಾಗುವುದು ಇದೇ ಅಳತೆ. ಲೈಟ್ನಿಂಗ್ ಟ್ರಕ್ಕಿಗೆ ಆರಂಭದಲ್ಲಿ 98 ಯೂನಿಟ್ಟಿನ ಮತ್ತು 131 ಯೂನಿಟ್ಟಿನ ಎರಡು ಬಗೆಯ ಬ್ಯಾಟರಿಗಳಿದ್ದವು. ಸರ್ಕಾರದ ಪರೀಕ್ಷಾಕ್ರಮದಂತೆ ಮೊದಲನೆಯದು 230 ಮೈಲಿಯನ್ನೂ, ಎರಡನೆಯದು 320 ಮೈಲಿಯವರೆಗೂ, ಅಂದರೆ ಸುಮಾರು 515 ಕಿಲೋಮೀಟರಿನವರೆಗೂ, ಕ್ರಮಿಸಬಲ್ಲುದಾಗಿತ್ತು. ಒಂದು ಯೂನಿಟ್ಟಿಗೆ ಸುಮಾರು ಎರಡೂವರೆ ಮೈಲಿ ಎಂದಾಯಿತು.

ಈ 131 ಯೂನಿಟ್ಟನ್ನು ಪೆಟ್ರೋಲಿಗೆ ಹೋಲಿಸಿದರೆ ಆಶ್ಚರ್ಯವಾಗುತ್ತದೆ. ಅಷ್ಟೇ ಶಕ್ತಿ 15 ಲೀಟರಿಗಿಂತ ಕಡಿಮೆ ಪೆಟ್ರೋಲಿನಲ್ಲಿ ಅಡಗಿದೆ! ಎಂಜಿನ್ನು ತನಗೆ ದೊರೆತ ಶಕ್ತಿಯ ಬಹುಭಾಗವನ್ನು ಶಾಖವಾಗಿ ಕಳೆದುಕೊಳ್ಳುತ್ತದೆ, ಮೋಟಾರಾದರೋ ಬಹುಭಾಗವನ್ನು ಕೆಲಸಕ್ಕೆ ತೊಡಗಿಸುತ್ತದೆ. ಈ ಮಿತವ್ಯಯದ ಬಲದಿಂದಲೇ ಇಷ್ಟು ಅಲ್ಪ ಸಂಗ್ರಹದಿಂದ ಅಷ್ಟು ದೂರದ ಪಯಣ ಸಾಧ್ಯವಾಗಿದೆ. ಆದರೆ ಹದಿನೈದು ಲೀಟರ್ ಪೆಟ್ರೋಲಿನ ತೂಕ ಹನ್ನೊಂದು ಕಿಲೋಗ್ರಾಮಿನಷ್ಟಾದರೆ, ಟ್ರಕ್ಕಿನ ಬ್ಯಾಟರಿಯ ತೂಕ ನೂರಾರು ಕಿಲೋಗ್ರಾಮು.

ಹಮ್ಮರ್ ಟ್ರಕ್ಕು ಇದಕ್ಕೆ ಉತ್ತಮ ನಿದರ್ಶನ. ಅದರ ಒಟ್ಟು ತೂಕ 9,000 ಪೌಂಡಿಗೂ ಅಧಿಕ. ಅದರಲ್ಲಿ ಬ್ಯಾಟರಿಯೊಂದೇ ಸುಮಾರು 2,900 ಪೌಂಡು, ಎಂದರೆ 1,300 ಕಿಲೋಗ್ರಾಮಿಗೂ ಮಿಗಿಲು. ಒಂದು ಸಣ್ಣ ಕಾರಿನ ಭಾರವನ್ನು ಅದು ಹೊಟ್ಟೆಯಲ್ಲಿಯೇ ಹೊತ್ತು ತಿರುಗುತ್ತದೆ. ಇನ್ನೂರು ಯೂನಿಟ್ಟಿಗೂ ಮೀರಿದ ಸಂಗ್ರಹವಿದ್ದರೂ ಅದು ಕ್ರಮಿಸಿದ್ದು 329 ಮೈಲಿ ಮಾತ್ರ. ದೂರಕ್ಕಾಗಿ ಬ್ಯಾಟರಿ, ಬ್ಯಾಟರಿಯಿಂದ ತೂಕ, ತೂಕವನ್ನು ಹೊರಲು ಮತ್ತೆ ಬ್ಯಾಟರಿ ಎಂಬ ಚಕ್ರ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಂತಹ ಭಾರವಾದ ವಾಹನಗಳಿಂದ ರಸ್ತೆಯಲ್ಲಿ ಇತರರಿಗೆ ಅಪಾಯ ಹೆಚ್ಚೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಅಧ್ಯಕ್ಷೆ ಜೆನಿಫರ್ ಹೋಮೆಂಡಿ 2023 ರ ಜನವರಿಯಲ್ಲಿ ಎಚ್ಚರಿಸಿದರು.

ಹಿಂದೆ ಭಾರವಾದ ಬಂಡಿಯೊಂದನ್ನು ಕಟ್ಟಿದಾಗ ಸಮಸ್ಯೆ ಇನ್ನಷ್ಟು ತೀವ್ರವಾಗುತ್ತದೆ. ಎತ್ತರವಾದ ಬಂಡಿಯ ಮುಖಕ್ಕೆ ಗಾಳಿ ಬಡಿಯುತ್ತದೆ. ಗಾಳಿಯ ತಡೆಯಾದರೋ ವೇಗದ ವರ್ಗದಂತೆ ಏರುತ್ತದೆ. ಹೀಗಾಗಿ ದೂರವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದು ಸಾಮಾನ್ಯ. ಚಳಿಗಾಲ ಅದನ್ನು ಮತ್ತಷ್ಟು ತಗ್ಗಿಸುತ್ತದೆ. ಎಳೆಯುವ ಬಲ ಮೋಟಾರಿಗೆ ಧಾರಾಳವಾಗಿದೆ. ಸಾಲದೆ ಬರುವುದು ಸಂಗ್ರಹದ ಶಕ್ತಿ. ಹೊರೆ ಹೊರಲೆಂದೇ ಹುಟ್ಟಿದ ವಾಹನಕ್ಕೆ ಹೊರೆಯೇ ತೊಡಕಾದುದು ಈ ವೃತ್ತಾಂತದ ವಿಪರ್ಯಾಸ.

ಬೆಲೆಯ ಏರಿಳಿತ

2019 ರ ನವೆಂಬರಿನಲ್ಲಿ ಟೆಸ್ಲಾ ಸಂಸ್ಥೆ ತನ್ನ ಸೈಬರ್‌ಟ್ರಕ್ಕನ್ನು ಪ್ರದರ್ಶಿಸಿದಾಗ ಒಂದು ಮೋಟಾರಿನದಕ್ಕೆ 39,900 ಡಾಲರ್, ಎರಡು ಮೋಟಾರಿನದಕ್ಕೆ 49,900 ಡಾಲರ್, 500 ಮೈಲಿಗೂ ಹೆಚ್ಚು ದೂರ ಹೋಗುವ ಮೂರು ಮೋಟಾರಿನದಕ್ಕೆ 69,900 ಡಾಲರ್ ಎಂದು ಸಾರಿತ್ತು. ನಾಲ್ಕು ವರ್ಷಗಳ ತರುವಾಯ, 2023 ರ ನವೆಂಬರ್ 30 ರಂದು ವಿತರಣೆ ಆರಂಭವಾದಾಗ ಎರಡು ಮೋಟಾರಿನದರ ಬೆಲೆ 79,990 ಡಾಲರ್, ದೂರ 340 ಮೈಲಿ. ಮೂರು ಮೋಟಾರಿನದರ ಬೆಲೆ 99,990 ಡಾಲರ್, ದೂರ 320 ಮೈಲಿ. ಬೆಲೆ ಏರಿತ್ತು, ಮೂರು ಮೋಟಾರಿನದರ ದೂರವೂ ಕುಗ್ಗಿತ್ತು. ಒಂದು ಮೋಟಾರಿನ ಮಾದರಿ 2025 ರ ಏಪ್ರಿಲಿನಲ್ಲಿ 69,990 ಡಾಲರಿಗೆ ಬಂದು, ಕೆಲವೇ ತಿಂಗಳುಗಳಲ್ಲಿ ಮಾರಾಟದಿಂದ ಮರೆಯಾಯಿತು.

ಫೋರ್ಡ್ ಸಂಸ್ಥೆಯ ಅನುಭವವೂ ಬೇರೆಯಾಗಿರಲಿಲ್ಲ. 2021 ರಲ್ಲಿ 39,974 ಡಾಲರ್ ಎಂದು ಘೋಷಿಸಲಾದ ಲೈಟ್ನಿಂಗ್‌ನ ಆರಂಭಿಕ ಬೆಲೆ ಹಂತಹಂತವಾಗಿ ಏರಿ 2023 ರ ಮಾರ್ಚ್ ವೇಳೆಗೆ 59,974 ಡಾಲರ್ ತಲುಪಿತು. ಅದೇ ಜುಲೈ ತಿಂಗಳಲ್ಲಿ 49,995 ಡಾಲರಿಗೆ ಇಳಿಯಿತು. 2022 ರ ಮಾರ್ಚ್‌ನಲ್ಲಿ ರಿವಿಯನ್ ಸಂಸ್ಥೆ ಮುಂಗಡ ಕೊಟ್ಟು ಕಾದಿದ್ದವರಿಗೂ ಬೆಲೆ ಏರಿಸಲು ಹೊರಟು, ಜನರ ಆಕ್ರೋಶಕ್ಕೆ ಮಣಿದು ಒಂದೆರಡು ದಿನಗಳಲ್ಲಿಯೇ ಕ್ಷಮೆ ಕೋರಿ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು.

ಈ ಏರಿಕೆಗೆ ಮುಖ್ಯ ಕಾರಣ ಬ್ಯಾಟರಿಯ ಮೂಲದ್ರವ್ಯಗಳು. 2022 ರಲ್ಲಿ ಲಿಥಿಯಂ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೇರಿ, ಮರುವರ್ಷ ತೀವ್ರವಾಗಿ ಕುಸಿಯಿತು. ಕಾರಿನ ಬ್ಯಾಟರಿಗಿಂತ ಟ್ರಕ್ಕಿನ ಬ್ಯಾಟರಿ ಬಹಳ ದೊಡ್ಡದಾದುದರಿಂದ ಪೆಟ್ಟೂ ದೊಡ್ಡದಾಯಿತು. ಕೊಳ್ಳುವವರಿಗೆ ದೊರೆಯುತ್ತಿದ್ದ 7,500 ಡಾಲರಿನವರೆಗಿನ ತೆರಿಗೆ ವಿನಾಯಿತಿಯೂ 2025 ರ ಸೆಪ್ಟೆಂಬರ್ 30 ರಂದು ಕೊನೆಗೊಂಡಿತು. ಫೋರ್ಡ್‌ನ ವಿದ್ಯುತ್ ವಾಹನ ವಿಭಾಗ 2024 ಒಂದರಲ್ಲಿಯೇ ಸುಮಾರು 510 ಕೋಟಿ ಡಾಲರ್ ನಷ್ಟ ಅನುಭವಿಸಿತು. ಕಡೆಗೆ 2025 ರ ಡಿಸೆಂಬರಿನಲ್ಲಿ ಆ ಸಂಸ್ಥೆ ಸಂಪೂರ್ಣ ಬ್ಯಾಟರಿಚಾಲಿತ ಲೈಟ್ನಿಂಗ್‌ನ ತಯಾರಿಕೆಯನ್ನು ಕೈಬಿಟ್ಟು, ಗಾಲಿಗಳನ್ನು ಮೋಟಾರೇ ತಿರುಗಿಸಿದರೂ ಬ್ಯಾಟರಿ ತುಂಬಲು ಪೆಟ್ರೋಲಿನ ಜನರೇಟರನ್ನೂ ಜೊತೆಗಿರಿಸಿಕೊಳ್ಳುವ ಮಾದರಿಗೆ ತಿರುಗುವುದಾಗಿ ಪ್ರಕಟಿಸಿತು.

ಕೆಲಸಕ್ಕೆ ತಕ್ಕ ಬ್ಯಾಟರಿ

ಹಾಗೆಂದು ಈ ಪ್ರಯತ್ನವೆಲ್ಲ ವ್ಯರ್ಥವಾಯಿತೆಂದು ಭಾವಿಸುವುದು ಸರಿಯಲ್ಲ. ದಿನಕ್ಕೆ ಐವತ್ತು ಮೈಲಿ ಓಡಾಡಿ ರಾತ್ರಿ ಮನೆ ಸೇರುವ ಬಡಗಿಗೂ ಕೊಳಾಯಿ ಕೆಲಸದವನಿಗೂ ವಿದ್ಯುತ್ ಟ್ರಕ್ಕು ನಿಜವಾದ ಸಹಾಯಕ. ರಾತ್ರಿ ಮನೆಯಲ್ಲಿ ತುಂಬಿದ ವಿದ್ಯುತ್ತು ಮರುದಿನದ ಕೆಲಸಕ್ಕೆ ಸಾಲುತ್ತದೆ. ಲೈಟ್ನಿಂಗ್‌ನಂತಹ ಟ್ರಕ್ಕಿನಿಂದ 9.6 ಕಿಲೋವಾಟ್‌ವರೆಗೆ ವಿದ್ಯುತ್ ಪಡೆದು ಕೆಲಸದ ಸ್ಥಳದಲ್ಲಿಯೇ ಗರಗಸ ನಡೆಸಬಹುದು. ಅಂಥವನಿಗೆ ಐನೂರು ಮೈಲಿಯ ಬ್ಯಾಟರಿಯ ಅಗತ್ಯವೇ ಇಲ್ಲ.

ತಯಾರಕರ ಗಮನವೂ ಈ ದಿಕ್ಕಿಗೆ ಹೊರಳಿತು. 2025 ರ ಏಪ್ರಿಲಿನಲ್ಲಿ ಸ್ಲೇಟ್ ಎಂಬ ಹೊಸ ಸಂಸ್ಥೆ ಒಂದೇ ಮೋಟಾರಿನ, ಸುಮಾರು 150 ಮೈಲಿ ಗುರಿಯ ಪುಟ್ಟ ಪಿಕಪ್ಪನ್ನು ಪ್ರದರ್ಶಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಫೋರ್ಡ್ ಸಂಸ್ಥೆ, ನಿಕ್ಕಲ್ ಮತ್ತು ಕೋಬಾಲ್ಟ್‌ಗಳ ಅವಶ್ಯಕತೆಯಿಲ್ಲದ ಅಗ್ಗವಾದ ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬ್ಯಾಟರಿಯುಳ್ಳ ಮಧ್ಯಮ ಗಾತ್ರದ ಟ್ರಕ್ಕನ್ನು 2027 ರಲ್ಲಿ ಸುಮಾರು 30,000 ಡಾಲರಿಗೆ ತರುವುದಾಗಿ ಘೋಷಿಸಿತು. ಘೋಷಿತ ಬೆಲೆಗೂ ಮಾರಾಟದ ಬೆಲೆಗೂ ಇರುವ ಅಂತರವನ್ನು ಒಮ್ಮೆ ಕಂಡ ಗ್ರಾಹಕ ಇದನ್ನು ಎಚ್ಚರಿಕೆಯಿಂದಲೇ ಕೇಳಿಸಿಕೊಳ್ಳುವುದು ಸಹಜ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಮೋಟಾರಿನ ಸಂಖ್ಯೆಯನ್ನು ನೆಲದ ಸ್ವರೂಪ ನಿರ್ಧರಿಸಬೇಕು, ಬ್ಯಾಟರಿಯ ಗಾತ್ರವನ್ನು ದಿನದ ದುಡಿಮೆ ನಿರ್ಧರಿಸಬೇಕು. ಇವೆರಡನ್ನೂ ಆಡಂಬರ ನಿರ್ಧರಿಸಿದಾಗ ಬೆಲೆಯು ದುಡಿಯುವವನ ಕೈಗೆ ಎಟುಕದಂತಾಗುತ್ತದೆ. ಯಾರಿಗಾಗಿ ಆ ವಾಹನ ಹುಟ್ಟಿತೋ ಅವನೇ ಅದರಿಂದ ದೂರವಾಗುತ್ತಾನೆ.